ಬೂದಿ ಗಡಿಗೆಯ ಹುರುಳಿ

ಮಾರೇನಹಳ್ಳಿಯಲ್ಲಿ ನನ್ನ ಸೈಕಲ್ ಅಂಗಡಿ ಇದ್ದ ಕಾಲದಲ್ಲಿ ಇಡೀ ವಿಜಯನಗರದ ಚಕ್ರಗಳು ನನ್ನ ಪಂಪಿನ ಗಾಳಿಯಲ್ಲೇ ಉರುಳುತ್ತಿದ್ದವು. ಒಂದು ಕೈಯಲ್ಲಿ ಸೈಕಲ್ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕಾಫಿ ಕುಡಿಯುತ್ತಿದ್ದವನು ನಾನು. ನೋಡಿದವರು ಈಗಲೂ ಇದ್ದಾರೆ, ಅವರಿಗೆ ಕಣ್ಣು ಸ್ವಲ್ಪ ಮಂಜು, ಅಷ್ಟೆ. ಅಂಥ ನಾನೇ ಬಾಯಿ ತೆರೆದು ನಿಂತದ್ದು ಜೀವಮಾನದಲ್ಲಿ ಒಂದೇ ಸಲ, ಎಂಬತ್ತೈದರ ಜನವರಿಯಲ್ಲಿ, ನನ್ನ ಗೆಳೆಯ ಮುನಿವೆಂಕಟಪ್ಪನ ಮುಂದೆ.

ಅವನಿಗೆ ಆಗ ಇಪ್ಪತ್ತೆರಡು ವರ್ಷ. ಅಪ್ಪ ಇಲ್ಲ. ಮನೆಯಲ್ಲಿ ಅವನು, ಅವನ ತಾಯಿ ಅಕ್ಕಯ್ಯಮ್ಮ, ಇಬ್ಬರೇ. ಊರ ಹಿಂದೆ ಇದ್ದ ಅವರ ಮೂರೆಕರೆ ಹೊಲ ಹಿಂದಿನ ವರ್ಷ ಲೇಔಟಿಗೆ ಹೋಗಿತ್ತು. ಹುರುಳಿ ಬೆಳೆಯುತ್ತಿದ್ದ ಕಡೆ ಸೈಟುಗಳ ಗಡಿಕಲ್ಲು ಬೆಳೆದಿದ್ದವು. ಹೊಲ ಹೋದ ಮೇಲೆ ಹುಡುಗನಿಗೆ ಉಳಿದದ್ದು ಮೈ ಒಂದೇ. ಅದೇ ಹೊತ್ತಿಗೆ ರಾಜಾಜಿನಗರದ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಭಾರ ಎತ್ತುವ ಹುಡುಗರನ್ನು ಕರೆದರು. ನೂರಾ ಹತ್ತು ಕೆ.ಜಿ.ಯನ್ನು ನೆಲದಿಂದ ಎದೆಗೆ, ಎದೆಯಿಂದ ತಲೆಯ ಮೇಲಕ್ಕೆ ಎತ್ತಿ, ಅಧಿಕಾರಿ ಸಾಕು ಅನ್ನುವವರೆಗೆ ಅಲ್ಲಾಡದೆ ನಿಲ್ಲಬೇಕು. ನಿಂತವನಿಗೆ ಖಾಯಂ ಕೆಲಸ. ಇವನು ಆಗ ಎತ್ತುತ್ತಿದ್ದದ್ದು ತೊಂಬತ್ತು. ಕೈಯಲ್ಲಿ ಇದ್ದದ್ದು ನಾಲ್ಕು ತಿಂಗಳು.

ಗರಡಿಯ ಉಸ್ತಾದ್ ಜಂಬಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ದಿನಕ್ಕೆ ಒಂದು ಡಜನ್ ಮೊಟ್ಟೆ, ಅರ್ಧ ಕೆ.ಜಿ. ಮಟನ್, ಎರಡು ಲೀಟರ್ ಹಾಲು. ಇಲ್ದಿದ್ರೆ ಕಬ್ಬಿಣ ಮುಟ್ಬೇಡ ಮಗಾ, ಕಬ್ಬಿಣ ನಿನ್ನ ಮುಟ್ತದೆ."

"ಹಸು ಮಾರಿ ವರ್ಷ ಆಯ್ತು ಉಸ್ತಾದ್. ಮಟನ್ ಏನಿದ್ರೂ ಹಬ್ಬಕ್ಕೆ."

ಈ ಮಾತನ್ನು ಮನೆಗೆ ಮುಟ್ಟಿಸಿದವನು ನಾನೇ. ಅಕ್ಕಯ್ಯಮ್ಮ ಮೊರದಿಂದ ತಲೆ ಎತ್ತಲಿಲ್ಲ. "ನಮ್ಮ ಎತ್ತು ಎಷ್ಟು ಮೊಟ್ಟೆ ತಿಂದು ನೇಗ್ಲು ಎಳೀತಾ ಇತ್ತೋ ಶ್ಯಾಮಸುಂದರ? ಹೋಗಿ ಕೇಳು ನಿಮ್ಮ ಜಂಬಣ್ಣನ್ನ."

"ಎತ್ತು ಹುರುಳಿ ತಿಂತಿತ್ತು ಅಕ್ಕಯ್ಯಮ್ಮ."

"ಇವ್ನೂ ತಿಂತಾನೆ."

ಮನೆಯ ಮೂಲೆಯಲ್ಲಿ ಹೊಲದ ಕೊನೆಯ ಬೆಳೆ ನನ್ನ ಎದೆಯೆತ್ತರದ ಮೂಟೆಯಾಗಿ ನಿಂತಿತ್ತು. ಅಂದಿನಿಂದ ಶುರುವಾಯಿತು ನೋಡಿ. ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಹುರುಳಿ ಮೊಳಕೆ ಒಡೆಯುವ ಸದ್ದಿಗೆ ಅಕ್ಕಪಕ್ಕದ ನಾಲ್ಕು ಮನೆಯವರಿಗೆ ನಿದ್ದೆ ಇರಲಿಲ್ಲ. ಬೆಳಿಗ್ಗೆ ಒಂದು ಬೋಗುಣಿ ಮೊಳಕೆಕಾಳು, ಜೊತೆಗೆ ಬೆಲ್ಲದಚ್ಚು. ಮಧ್ಯಾಹ್ನ ನನ್ನ ತಲೆಯಷ್ಟು ದೊಡ್ಡ ರಾಗಿಮುದ್ದೆ, ಕಾಳು ಬೇಯಿಸಿ ಬಸಿದ ಕಟ್ಟಿನ ಸಾರು. ಸಂಜೆ ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿದ ಕಾಳಿನ ಪಲ್ಯ, ಅದೂ ಬಾಣಲೆಯಲ್ಲೇ. ಅವರೆಕಾಯಿ ಕಾಲ ಬಂದಾಗ ಅದನ್ನೂ ಬಿಡಲಿಲ್ಲ. ಲಗ್ಗೆರೆಯ ಕಡೆಯಿಂದ ಬುಟ್ಟಿ ಹೊತ್ತು ಬರುವವರು ಅವನ ಮನೆಯ ಬೀದಿ ದಾಟುವಷ್ಟರಲ್ಲಿ ಬುಟ್ಟಿ ಖಾಲಿ.

ಇಂಥ ಊಟಕ್ಕೆ ಒಂದು ಗಾಳಿಯೂ ಇರುತ್ತದೆ, ಮುಚ್ಚಿಟ್ಟು ಏನು ಪ್ರಯೋಜನ. ಅವನು ಬಸ್ಕಿ ಹೊಡೆಯುವಾಗ ಹಿಂದೆ ನಿಲ್ಲುವ ಗಂಡು ಗರಡಿಯಲ್ಲಿ ಹುಟ್ಟಿರಲಿಲ್ಲ. ಒಂದು ದಿನ ದೇವರ ಗೂಡಿನ ದೀಪವೇ ಆರಿತು. "ಗುರು, ನಿನ್ನ ಹೊಟ್ಟೇಲಿ ನನ್ನ ಪಂಪ್ ಐತೇನೋ?" ಎಂದು ನಾನು ಕೇಳಿದರೆ, "ಹತ್ರ ಬಾ, ಟ್ಯೂಬ್‌ಗೆ ತುಂಬ್ಕೊಡ್ತೀನಿ" ಅನ್ನುತ್ತಿದ್ದ.

ಆದರೆ ಮೈ! ಆ ಮೈ ಬಂದ ಬಗೆಯನ್ನು ನಾನು ಕಣ್ಣಾರೆ ಕಂಡೆ. ಭುಜದ ಮೇಲೆ ಭುಜ ಎದ್ದಿತು. ತೊಡೆಗೆ ಪ್ಯಾಂಟು ಹೊಲಿಯಲು ದರ್ಜಿ ಎರಡು ಟೇಪು ಗಂಟು ಹಾಕಿ ಅಳೆದ. ಕೆಂಗೇರಿಗೆ ಹೋಗುವ ಬಸ್ಸಿಗೆ ಅವನು ಹತ್ತಿದರೆ ಬಸ್ಸು ಒಂದು ಕಡೆಗೆ ವಾಲಿಕೊಂಡೇ ಹೋಗುತ್ತಿತ್ತು. ಡಿಸೆಂಬರ್ ಮುಗಿಯುವ ಹೊತ್ತಿಗೆ ನೂರಾ ಐದು ಎತ್ತಿದ. ಜಂಬಣ್ಣ ತನ್ನ ಮೊಟ್ಟೆಯನ್ನು ತಾನೇ ಸುಲಿದು ತಿಂದು ಸುಮ್ಮನಾದ.

ಪರೀಕ್ಷೆಗೆ ಎರಡು ವಾರ ಇರುವಾಗ ಮೂಟೆ ಬರಿದಾಯಿತು.

ಅದಕ್ಕೇನು, ನಾನಿಲ್ಲವೇ? ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಇದ್ದ ಹುರುಳಿಯನ್ನೆಲ್ಲ ಸೈಕಲ್ಲಿಗೆ ಹೇರಿಕೊಂಡು ಬಂದೆ. ಅಕ್ಕಯ್ಯಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು. "ಯಾವೂರ ಕಾಳೋ ಇದು," ಎಂದಷ್ಟೇ ಹೇಳಿ ನೆನೆಸಿಟ್ಟರು. ಮುನಿವೆಂಕಟ ಅದನ್ನೂ ತಿಂದ. ಆದರೆ ನೂರಾ ಹತ್ತು ಏಳಲಿಲ್ಲ. ಒಂದು ದಿನವಲ್ಲ, ಒಂಬತ್ತು ದಿನ. ಭಾರದ ಕಂಬಿ ಎದೆಯವರೆಗೆ ಬರುವುದು, ಅಲ್ಲಿಂದ ಮುಂದಕ್ಕೆ ಗೋಡೆ ಅಡ್ಡ ಬಂದ ಹಾಗೆ ನಿಲ್ಲುವುದು, ಧಡ್ ಎಂದು ಬೀಳುವುದು.

"ಕಾಳು ಎಲ್ಲಾ ಒಂದೇ ಕಣ್ಲಾ," ಜಂಬಣ್ಣ ರೇಗಿದ. "ಭಾರ ಇರೋದು ನಿನ್ನ ತಲೇಲಿ."

"ಇರ್ಬೋದು ಉಸ್ತಾದ್. ನಮ್ಮ ಹೊಲದ್ದು ತಿನ್ನೋವಾಗ ಕಾಲ್ಕೆಳಗೆ ನೆಲ ಐತೆ ಅನ್ಸೋದು. ಈಗ ಅನ್ಸಲ್ಲ."

ಮಗನಿಗೆ ಬುತ್ತಿ ತಂದಿದ್ದ ಅಕ್ಕಯ್ಯಮ್ಮ ಗರಡಿಯ ಹೊಸ್ತಿಲಾಚೆ ನಿಂತು ಇದನ್ನು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಅಟ್ಟದಿಂದ ಒಂದು ಗಡಿಗೆ ಇಳಿಸುತ್ತಿದ್ದರು. ಬಾಯಿಗೆ ಮಣ್ಣು, ಸಗಣಿ ಮೆತ್ತಿ ಮುಚ್ಚಿದ ಗಡಿಗೆ. ಮುನಿವೆಂಕಟ ಓಡಿಬಂದು ಗಡಿಗೆ ಹಿಡಿದುಕೊಂಡ.

"ಅವ್ವಾ, ಅದು ಬಿತ್ತನೆ ಹುರುಳಿ."

ಇಲ್ಲೊಂದು ಮಾತು ಹೇಳಬೇಕು. ಆ ಮನೆಗಳಲ್ಲಿ ಬಿತ್ತನೆಗೆಂದು ಬೂದಿ ಬೆರೆಸಿಟ್ಟ ಕಾಳನ್ನು ಯಾರೂ ತಿನ್ನುವುದಿಲ್ಲ. ಮಳೆ ಕೈಕೊಟ್ಟ ಒಂದು ವರ್ಷ ಅಕ್ಕಯ್ಯಮ್ಮನ ಅತ್ತೆ ಸೊಪ್ಪು ಬೇಯಿಸಿ ಕುಡಿದು, ಇಂಥದೇ ಗಡಿಗೆಯ ಪಕ್ಕ ಹಸಿದು ಮಲಗಿದ್ದರಂತೆ. ಹೊಲ ಹೋದ ಮೇಲೂ ಅಕ್ಕಯ್ಯಮ್ಮ ಬಿತ್ತುವ ಕಾಲಕ್ಕೆ ಆ ಎರಡು ಸೇರು ಕಾಳನ್ನು ಬಿಸಿಲಿಗೆ ಹರವಿ, ಹೊಸ ಬೂದಿ ಬೆರೆಸಿ, ಮತ್ತೆ ಬಾಯಿ ಮೆತ್ತಿದ್ದರು. ಯಾಕೆ ಎಂದರೆ, "ಇರ್ಲಿ" ಅನ್ನುತ್ತಿದ್ದರು.

"ಬಿತ್ತನೇದು ತಿನ್ಬಾರ್ದು ಅಂತ ನೀನೇ ಹೇಳಿದ್ದು," ಮಗ ಅಡ್ಡ ನಿಂತ.

"ಬಿತ್ತೋಕೆ ನೆಲ ಇರೋರು ತಿನ್ಬಾರ್ದು."

"ಹೊಲ ವಾಪಸ್ ಬರ್ತದೆ ಅಂತಿದ್ದೆ."

"ಅಂತಿದ್ದೆ." ಅಕ್ಕಯ್ಯಮ್ಮ ಒನಕೆ ತೆಗೆದುಕೊಂಡು ಅದರ ತುದಿಯಿಂದ ಗಡಿಗೆಯ ಬಾಯಿಗೆ ಒಂದೇ ಏಟು ಹಾಕಿದರು. ಮಣ್ಣಿನ ಬಿಲ್ಲೆ ಎರಡು ಹೋಳಾಯಿತು. ಆ ಸದ್ದಿಗೆ ಮೈಸೂರು ರಸ್ತೆಯ ಲಾರಿಗಳೆಲ್ಲ ನಿಂತವೆಂದು ಹೇಳಿದರೆ ನೀವು ನಂಬುವುದಿಲ್ಲ. ನನ್ನ ಎದೆಯಂತೂ ನಿಂತಿತು. ಏಳು ನೀರಿನಲ್ಲಿ ತೊಳೆದರೂ ಬೂದಿ ಬಿಡುತ್ತಲೇ ಇತ್ತು. ಅಕ್ಕಯ್ಯಮ್ಮ ತೊಳೆಯುತ್ತಲೇ ಇದ್ದರು. ನಾವಿಬ್ಬರೂ ಅವರ ಮುಖ ನೋಡಲಿಲ್ಲ.

ಕೊನೆಯ ಮೂರು ದಿನ ಕಬ್ಬಿಣ ಮುಟ್ಟಬೇಡ ಎಂದು ಜಂಬಣ್ಣ ಹೇಳಿದ್ದರಿಂದ ಮುನಿವೆಂಕಟ ಆ ಕಾಳು ತಿಂದ, ಮಲಗಿದ, ಎದ್ದ, ಮತ್ತೆ ತಿಂದ. ನೂರಾ ಹತ್ತು ಏಳುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷೆ ಕಾರ್ಖಾನೆಯ ಮೈದಾನದಲ್ಲಿ. ಹಲಗೆ ಹಾಸಿದ ಕಟ್ಟೆ, ಅದರ ಮೇಲೆ ಕಂಬಿ. ಕುರ್ಚಿಯಲ್ಲಿ ಕ್ರೀಡಾ ಅಧಿಕಾರಿ ಚನ್ನವೀರಪ್ಪ, ಅವರೇ ಒಂದು ನೂರಾ ಹತ್ತು ಇದ್ದಂತಿದ್ದರು. ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲನೆಯದರಲ್ಲಿ ಕಂಬಿ ಮುನಿವೆಂಕಟನ ಎದೆ ಮುಟ್ಟಿ ಬಿತ್ತು. ಎರಡನೆಯದರಲ್ಲಿ ಹಣೆಯವರೆಗೆ ಹೋಯಿತು, ಮೊಣಕೈ ಮಡಚಿಕೊಂಡಿತು, ಬಿತ್ತು.

"ಇನ್ನೊಂದೇ ಇರೋದು," ಎಂದರು ಚನ್ನವೀರಪ್ಪ. "ಕಷ್ಟ ಅನ್ಸಿದ್ರೆ ಬಿಟ್ಬಿಡಪ್ಪ. ಬೆನ್ನು ಹೋದ್ರೆ ವಾಪಸ್ ಬರಲ್ಲ."

ಅವನು ನೇರವಾಗಿ ಬೇಲಿಯ ಬಳಿ ಕೂತಿದ್ದ ತಾಯಿಯ ಹತ್ತಿರ ಬಂದ. ಅಕ್ಕಯ್ಯಮ್ಮ ಡಬ್ಬಿ ತೆರೆದರು. ಅವನು ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡ. ಧೈರ್ಯದ ಮಾತು ಹೇಳುತ್ತಾರೆ ಎಂದು ನಾನು ಕಾದೆ.

"ನಿಧಾನಕ್ಕೆ ಅಗಿ," ಎಂದರು ಅವರು. "ಕಲ್ಲಿದ್ದಾತು."

ಅವನು ನಿಧಾನಕ್ಕೆ ಅಗಿದ. ನುಂಗಿದ. ಹೋಗಿ ಕಂಬಿ ಹಿಡಿದ.

ನಾನು ಜೀವನದಲ್ಲಿ ಏನೇನೋ ನೋಡಿದ್ದೇನೆ. ಆದರೆ ಕಬ್ಬಿಣ ಒಬ್ಬ ಮನುಷ್ಯನ ಮಾತು ಕೇಳಿದ್ದನ್ನು ಅಂದೇ ನೋಡಿದ್ದು. ಕಂಬಿ ಬಿಲ್ಲಿನಂತೆ ಬಾಗಿ ಎದೆಗೆ ಬಂತು. ಅವನು ಕಣ್ಣು ಮುಚ್ಚಿ ಒಂದು ಉಸಿರು ಎಳೆದ, ರಾಜಾಜಿನಗರದ ಗಾಳಿಯೆಲ್ಲ ಅವನ ಮೂಗಿಗೆ ಹೋಗಿ ಮರಗಳು ಅಲುಗದೆ ನಿಂತವು. ಮೊಣಕಾಲು ಕುಸಿದವು, ಎದ್ದವು. ಕಂಬಿ ಮೇಲೆ ಹೋಯಿತು. ಹಣೆ ದಾಟಿತು. ನೆತ್ತಿ ದಾಟಿತು. ಮೊಣಕೈ ನೆಟ್ಟಗಾಯಿತು. ಕಾಲುಗಳು ಮಾತ್ರ ಹಲಗೆಯ ಮೇಲೆ ಥರಥರ ನಡುಗುತ್ತಿದ್ದವು. ನಾನು ಕಂಬಿ ನೋಡುತ್ತಿದ್ದರೆ ಅಕ್ಕಯ್ಯಮ್ಮ ಅವನ ಪಾದಗಳನ್ನೇ ನೋಡುತ್ತಿದ್ದರು. ನಡುಕ ಮೊದಲು ತೊಡೆಯಿಂದ ಇಳಿಯಿತು, ಆಮೇಲೆ ಮೀನಖಂಡದಿಂದ, ಆಮೇಲೆ ಹಿಮ್ಮಡಿಯಿಂದ.

"ಬೇರು ಕಚ್ತು," ಎಂದರು ಅವರು, ಯಾರಿಗೂ ಅಲ್ಲ ಎಂಬಂತೆ.

ಕಾರ್ಖಾನೆಯ ಯಂತ್ರಗಳ ಸದ್ದೂ ಕೇಳಿಸದಾಯಿತು. ಒಂದು ಕ್ಷಣ, ಎರಡು, ಹತ್ತು. ನನ್ನ ಲೆಕ್ಕದಲ್ಲಿ ಕಾಲು ಗಂಟೆ. ಚನ್ನವೀರಪ್ಪ ಬಾಯಿ ತೆರೆದು ಕೂತವರು ಸಾಕು ಅನ್ನುವುದನ್ನೇ ಮರೆತಿದ್ದರು. ಅವನು ನಿಂತೇ ಇದ್ದ.

ಕೊನೆಗೆ ಬೇಲಿಯ ಈಚೆಯಿಂದ ಅಕ್ಕಯ್ಯಮ್ಮ ಕೂಗಿದರು. "ಸ್ವಾಮಿ, ಇಳ್ಸು ಅಂತ ಹೇಳಿ! ನೀವು ಹೇಳ್ದೆ ಅವ್ನು ಇಳ್ಸಲ್ಲ."

"ಸಾಕು! ಸಾಕಪ್ಪಾ!" ಎಂದು ಚನ್ನವೀರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಕಂಬಿ ಬಿದ್ದ ಏಟಿಗೆ ಎರಡು ಹಲಗೆ ಮುರಿದವು. ಒಂದು ಎಂದು ಜಂಬಣ್ಣ ಹೇಳುತ್ತಾನೆ, ಅವನ ಮಾತು ಬಿಡಿ.

ಹೆಸರು ಬರೆದುಕೊಂಡರು, ಸೋಮವಾರ ಬಾ ಎಂದರು. ಮುನಿವೆಂಕಟ ಬಂದು ತಾಯಿಯ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತ. ಡಬ್ಬಿಯಲ್ಲಿ ಉಳಿದದ್ದನ್ನು ಅಕ್ಕಯ್ಯಮ್ಮ ಅವನ ಅಂಗೈಗೆ ಸುರಿದರು. ಮೂಲೆಗೆ ಅಂಟಿದ್ದ ಕಾಳನ್ನೂ ಬೆರಳಿನಿಂದ ಬಿಡಿಸಿ ಹಾಕಿದರು.

"ಇಷ್ಟೇ ಕಣಪ್ಪ," ಎಂದರು. "ನಾಳೆಯಿಂದ ಅಂಗಡಿ ಕಾಳು."

"ಆಗ್ಲಿ ಅವ್ವ," ಎಂದು ಅವನು ಅಗಿಯತೊಡಗಿದ.