ಸೊಲ್ಲು ಹಿಡಿಯುವ ಗೋಡೆ

ಪೆಂಟಮ್ಮ ಹಾಡು ಮರೆತಿದ್ದಾಳೆಂದು ಮಗ ಆಶಪ್ಪ ಚಹಾ ಕುಡಿಯುತ್ತಲೇ ತೀರ್ಪು ಕೊಟ್ಟುಬಿಟ್ಟ. ಮಕ್ತಲ್‌ನ ಅಂಚಿನ ಹೊಸ ಮನೆಯಲ್ಲಿ ಆದಿತ್ಯವಾರ ಬೀರಪ್ಪನ ಪೂಜೆ. ಮದ್ದೂರಿನಿಂದ ಬೀಗರು ಬರುವವರು. ಪೂಜೆಯ ಹಾಡು ಎತ್ತಿಕೊಡುವವಳು ಯಾವತ್ತೂ ಪೆಂಟಮ್ಮನೇ. ಈ ಮನೆಗೆ ಬಂದಮೇಲೆ ಮಾತ್ರ ಆಕೆ ಹಾಲ್‌ನಲ್ಲಿ ಕೂತು ಒಂದು ಸಾಲು ಹಾಡುತ್ತಾಳೆ, ನಿಲ್ಲುತ್ತಾಳೆ, ಮುಂದಿನ ಸಾಲು ತಪ್ಪಿಹೋಗುತ್ತದೆ.

“ವಯಸ್ಸಾತು. ಧರೂರಿನ ಸುಗುಣಮ್ಮಗ ಫೋನ್ ಮಾಡ್ತೀನಿ,” ಎಂದ ಆಶಪ್ಪ.

“ಆಕಿ ಹಾಡಿದ್ರ ಕುರಿ ಹಗ್ಗ ಹರಕೊಂಡು ಓಡ್ತಾವು,” ಎಂದಳು ಪೆಂಟಮ್ಮ. ಹೇಳಿದ್ದೇ ಎದ್ದು ಒಳಗೆ ಹೋದಳು.

ಮೊಮ್ಮಗಳು ಅಖಿಲಾಗೆ ಅದು ಚುಚ್ಚಿತು. ಬೈಯುವಾಗ ಎದುರಿಗೇ ನಿಂತು ಬೈಯುವ ಮುದುಕಿ ಬೆನ್ನು ತಿರುಗಿಸಿದ್ದಳು. ಎಂದೋ ಒಯ್ದ ಹಿತ್ತಾಳೆ ತಟ್ಟೆಯನ್ನು ಪಕ್ಕದ ಮನೆಯ ಬುಗ್ಗಮ್ಮ ಇನ್ನೂ ಮರಳಿಸಿಲ್ಲ ಎಂಬುದನ್ನು ವಾರಕ್ಕೊಮ್ಮೆ ನೆನಪಿಸುವವಳು ಹಾಡು ಮರೆತಾಳೆಯೇ?

“ಒಂದು ಸಲ ಕೇಳಿ ನೋಡಪ್ಪ,” ಎಂದಳು ಅಖಿಲಾ.

“ಶನಿವಾರ ಸಂಜಿ ಹಾಡಲಿ. ನಿಂತರ ಫೋನೇ.”

ಮರುದಿನ ಕೊಟ್ಟಿಗೆ ಕಡೆ ಹೋದ ಅಖಿಲಾ ಬಾಗಿಲಲ್ಲೇ ನಿಂತಳು. ಒಳಗೆ ಕಸ ಗುಡಿಸುತ್ತ ಅಜ್ಜಿ ಅದೇ ಹಾಡನ್ನು ಒಂದೂ ಸಾಲು ಬಿಡದೆ ಹಾಡುತ್ತಿದ್ದಳು. ಆ ಕೊಟ್ಟಿಗೆ ಹಳೆಯ ಮನೆಯ ಉಳಿದ ತುಂಡು: ಸಗಣಿ ಸಾರಿಸಿದ ದಪ್ಪ ಮಣ್ಣಿನ ಗೋಡೆ, ಗೋಡೆಯಲ್ಲಿ ಗೂಡುಗಳು, ಗೂಟಕ್ಕೆ ಹಗ್ಗ, ಚೀಲ, ಹಳೆಯ ಕೌದಿ.

ಅಖಿಲಾ ಸುಮ್ಮನೆ ಒಂದು ಚಪ್ಪಾಳೆ ತಟ್ಟಿದಳು. ಗೋಡೆ ಅದನ್ನು ನುಂಗಿತು. ಓಡಿಹೋಗಿ ಹಾಲ್‌ನಲ್ಲಿ ತಟ್ಟಿದಳು. ಇಲ್ಲಿ ಚಪ್ಪಾಳೆಗೆ ಕೂರಲು ಜಾಗವೇ ಸಿಗಲಿಲ್ಲ; ಪುಟ್ಟಿ ಬಳಿದು ಕನ್ನಡಿಯಂತೆ ಉಜ್ಜಿದ ಗೋಡೆಗಳಿಗೆ ತಲೆ ಬಡಿದುಕೊಳ್ಳುತ್ತ ಅದು ರಿಂಗಣಿಸಿತು. ಶೇಂಗಾ ಚೀಲ ಪೇರಿಸಿದ ಕೋಣೆಯಲ್ಲಿ ಮತ್ತೆ ಸತ್ತುಹೋಯಿತು.

“ಹುಚ್ಚು ಹಿಡೀತೇನ್ ಹುಡುಗಿ?” ಪೆಂಟಮ್ಮ ಕಸಬರಿಗೆ ಹಿಡಿದೇ ಬಂದಿದ್ದಳು.

“ಆಯಿ, ಹಾಲ್‌ನಾಗ ಯಾಕ ನಿಲ್ತಿ?”

“ಅವರು ಮುಗಿಸಲಿ ಅಂತ ಕಾಯ್ತೀನಿ.”

“ಯಾರು?”

ಪೆಂಟಮ್ಮ ಕೊಂಚ ನಾಚಿದಳು. “ಸೊಲ್ಲು ಹಿಡಿಯೋರು.”

ಬೀರಪ್ಪನ ಹಾಡನ್ನು ಒಬ್ಬಳು ಎತ್ತಿಕೊಡುತ್ತಾಳೆ. ಹಿಂದಿನ ಹೆಂಗಸರು ಕೊನೆಯ ಸೊಲ್ಲು ಹಿಡಿದು ಎಳೆಯುತ್ತಾರೆ. ಅವರ ದನಿ ಇಳಿಯುವ ಮುಂಚೆ ಎತ್ತಿಕೊಟ್ಟವಳು ಬಾಯಿ ತೆರೆಯುವುದು ಅವರಿಗೆ ಮಾಡಿದ ಅವಮಾನ. ಕೊಟ್ಟಿಗೆಯಲ್ಲಿ ಕೆಲಸದ ಜೊತೆ ಹಾಡುವಾಗ ಪೆಂಟಮ್ಮ ತಾನೇ ಸೊಲ್ಲು ಹಿಡಿದುಕೊಳ್ಳುತ್ತಿದ್ದಳು. ಪೂಜೆಗೆಂದು ಕೂತು ಹಾಡುವಾಗ ಹಾಗೆ ಮಾಡುವಂತಿಲ್ಲ. ಹಾಲ್‌ನಲ್ಲಿ ಸೊಲ್ಲು ತಾನಾಗಿಯೇ ಹಿಂದೆ ಉಳಿದು ಮೊಳಗುತ್ತಿತ್ತು. ಕಾಯುವುದು ಒಂದು ಜನ್ಮದ ರೂಢಿ; ಕಾಯುತ್ತ ಕೂತರೆ ಮುಂದಿನ ಸಾಲು ಜಾರಿಹೋಗುತ್ತಿತ್ತು.

“ಗ್ವಾಡಿ ಬಾಳ ಎಳೀತಾವ ಅಖಿಲಿ. ಹಿಂದ ಸೊಲ್ಲು ಹಿಡೀತಿದ್ದ ನಮ್ಮ ಉರುಕುಂದಮ್ಮನೂ ಇಷ್ಟು ಎಳೀತಿದ್ದಿಲ್ಲ.”

ಶನಿವಾರ ಅಖಿಲಾ ಪೆಟ್ಟಿಗೆಯಿಂದ ಕರಿಕಂಬಳಿಗಳನ್ನು ತೆಗೆದು, ಸುತ್ತಿಗೆ ಮೊಳೆ ಹಿಡಿದು ಹಾಲ್‌ಗೆ ಬಂದಳು. ಎರಡು ಕಡೆಯಿಂದ ಕೂಗು ಬಂತು.

“ಆ ಗ್ವಾಡಿಗೆ ಮೊಳಿ ಹೊಡದೀ ಅಂದ್ರ ನೋಡು!” ಇದು ಆಶಪ್ಪ.

“ದೇವರ ಗದ್ದಿಗಿ ಹಾಸೋ ಕಂಬಳಿಗೆ ತೂತು ಮಾಡ್ತಿಯೇನ!” ಇದು ಪೆಂಟಮ್ಮ.

ಆಕೆ ಮೊಳೆ ಬಿಟ್ಟು, ಕಿಟಕಿಯ ಸರಳಿನಿಂದ ಸರಳಿಗೆ ಹಗ್ಗ ಬಿಗಿದು ಕಂಬಳಿಗಳನ್ನು ಇಳಿಬಿಟ್ಟಳು. ಬುಡದಲ್ಲಿ ಶೇಂಗಾ ಚೀಲ, ಅದರ ಮೇಲೆ ಕೌದಿ. ಕೋಣೆ ಕುಗ್ಗಿದಂತಾಯಿತು, ಮೂಲೆಗಳು ಮಾತು ಕೇಳಲು ಹತ್ತಿರ ಸರಿದು ಕೂತವು. ಅದೇ ನಾಲ್ಕು ಗೋಡೆ, ಒಳಗೆ ನಿಂತವರಿಗೆ ಮಾತ್ರ ಬೇರೆ ಮನೆಯಂತೆ ಅನಿಸುತ್ತಿತ್ತು. ಆಕೆ ಚಪ್ಪಾಳೆ ತಟ್ಟಿದಳು. ಏನೂ ಉಳಿಯಲಿಲ್ಲ.

ಸಂಜೆ ಆಶಪ್ಪ ಫೋನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. “ಇದೇನು ಮನಿಯೋ, ಕುರಿಹಟ್ಟಿಯೋ! ಹಾಡಬೇ.”

“ಹಿಂಡು ಮುಂದ ಮಾಡಿ ಬೀರಣ್ಣ ಬಂದಾನ,” ಎತ್ತಿಕೊಟ್ಟಳು ಪೆಂಟಮ್ಮ.

ಸೊಲ್ಲು ಬಿತ್ತು. ಗೋಡೆ ಹಿಡಿಯಲಿಲ್ಲ. ಮುದುಕಿ ಕಾದಳು. ಕಂಬಳಿಯತ್ತ, ಬಾಗಿಲತ್ತ ನೋಡಿದಳು. ಆಶಪ್ಪನ ಬೆರಳು ಫೋನಿನ ಮೇಲೆ ಹೋಯಿತು.

ಅಖಿಲಾ ಗೋಡೆಯನ್ನು ಸುಮ್ಮನಾಗಿಸಿದ್ದಳು. ಅದರ ಬದಲು ಸೊಲ್ಲು ಹಿಡಿಯಲು ಯಾರನ್ನೂ ಕೂರಿಸಿರಲಿಲ್ಲ. ಆಕೆ ಎಂದೂ ಹಾಡಿದವಳಲ್ಲ. ಕಣ್ಣು ಮುಚ್ಚಿಕೊಂಡು ಬಾಯಿ ಬಿಟ್ಟಳು.

“ಬಂದಾ...ನಾ...”

ದನಿ ನಡುವೆ ಒಡೆಯಿತು. ಪೆಂಟಮ್ಮ ಕತ್ತು ತಿರುಗಿಸಿದಳು.

“ಆಡು ಒದರಿದಂಗ ಐತಿ,” ಎಂದಳು. ಬೆನ್ನಿಗೇ ಎರಡನೇ ಸಾಲು ಬಂತು, ಮೂರನೆಯದು ಬಂತು. ಪ್ರತಿ ಸೊಲ್ಲಿಗೂ ಅಖಿಲಾ ಹಿಂದಿನಿಂದ ಬೀಳುತ್ತ ಏಳುತ್ತ ಬಂದಳು. ಒಂದು ಸಾಲಿಗೆ ಆಶಪ್ಪನ ಗಂಟಲೂ ತಾನಾಗಿ ಸೇರಿಕೊಂಡಿತು.

ತಾಯಿ ಕಣ್ಣು ಕೆಕ್ಕರಿಸಿದಳು. “ನೀ ಬ್ಯಾಡೋ. ಎದ್ದು ಆ ಚೀಲ ಒತ್ತಿಗಿ ಸರಿಸು. ನಾಳಿ ಮಂದಿ ಕುಂದ್ರಾಕ ಜಾಗ ಬೇಕು.”

ಆಶಪ್ಪ ಫೋನು ಜೇಬಿಗಿಟ್ಟು ಚೀಲಕ್ಕೆ ಕೈ ಹಾಕಿದ.