ಮಾವನ ಹೆಬ್ಬೆರಳಿನ ಪೇಟೆಂಟು

ನಕ್ಷೆಗಾರನಿಗೆ ಒಂದು ಚಟವಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುವುದು, ಬರೆದದ್ದಕ್ಕೆಲ್ಲ ನಂಬರು ಹಾಕುವುದು. ಕುಡಿತವೋ ಇಸ್ಪೀಟೋ ಆಗಿದ್ದರೆ ಮನೆಯವರು ಬಿಡಿಸುತ್ತಿದ್ದರು. ಇದು ಅವನ ಕೆಲಸವೇ ಆಗಿದ್ದರಿಂದ ಬಿಡಿಸಲು ಯಾರೂ ಕೈಹಾಕಲಿಲ್ಲ. ಕಾರ್ಖಾನೆ ಹೊಸದೇನನ್ನಾದರೂ ಕಂಡುಹಿಡಿದರೆ ಪೇಟೆಂಟ್ ಕಚೇರಿಗೆ ಅದರ ಚಿತ್ರ ಕಳಿಸಬೇಕು. ಚಿತ್ರದ ಒಂದೊಂದು ಬಿಡಿಭಾಗದಿಂದಲೂ ಗೆರೆ ಎಳೆದು ಅದರ ತುದಿಗೆ ನಂಬರು ಬರೆಯಬೇಕು. ಕಚೇರಿಯವರು ಒಪ್ಪಿ ಮೊಹರು ಒತ್ತಿದರೆ ನಂಬರು ಬಿದ್ದದ್ದೆಲ್ಲ ಕಾರ್ಖಾನೆಯ ಸ್ವತ್ತು. ಆಮೇಲೆ ಕಚೇರಿಯೇ ಹೇಳದೆ ಒಂದು ಚುಕ್ಕಿಯನ್ನೂ ಅಳಿಸುವ ಹಾಗಿಲ್ಲ.

ಮೂರು ವರ್ಷದ ಹಿಂದೆ, ವ್ಯಾನಿನಲ್ಲಿ ಸಾಮಾನು ಜಾರದಂತೆ ಹಿಡಿದಿಡುವ ಮಡಚುವ ಚೌಕಟ್ಟೊಂದರ ಚಿತ್ರ ಬರೆಯುವಾಗ, ಅದರೊಳಗೆ ಯಾರೋ ಮರೆತುಹೋಗಿದ್ದ ಕೊಡೆಯನ್ನೂ ಬರೆದು ಒಂಬತ್ತು ಎಂದು ನಂಬರು ಕೊಟ್ಟುಬಿಟ್ಟಿದ್ದ ಈ ಮಹಾನುಭಾವ. ಅಂದಿನಿಂದ ಕಾರ್ಖಾನೆ ಮಾರುವ ಪ್ರತಿ ಚೌಕಟ್ಟಿನ ಜೊತೆಗೂ ಒಂದು ಕಪ್ಪು ಕೊಡೆ ಹೋಗುತ್ತದೆ. ಕೊಡೆ ಇಲ್ಲದೆ ಬಂದ ಚೌಕಟ್ಟನ್ನು "ಬಿಡಿಭಾಗ ಕಮ್ಮಿ ಇದೆ" ಎಂದು ಗಿರಾಕಿಗಳು ವಾಪಸ್ ಕಳಿಸಿದ್ದೂ ಉಂಟು.

ಕೊಡೆಯಾದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಈ ಸಲ ಅವನು ನಂಬರು ಕೊಟ್ಟದ್ದು ಸ್ವಂತ ಮಾವನ ಬಲಗೈ ಹೆಬ್ಬೆರಳಿಗೆ.

ಮಾವ, ಅಂದರೆ ಅವನ ಹೆಂಡತಿಯ ಅಪ್ಪ, ಅದೇ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷದಿಂದ ಸಾಣೆಚಕ್ರದ ಮುಂದೆ ನಿಂತವರು. ಎಂಜಿನ್ನಿನ ಉಕ್ಕಿನ ದಂಡಗಳನ್ನು ನುಣುಪು ಮಾಡುವುದು ಅವರ ಕೆಲಸ. ಚಕ್ರ ನಿಲ್ಲಿಸಿ, ದಂಡದ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದು, "ಇನ್ನು ನಾಲ್ಕು ಸುತ್ತು" ಎನ್ನುತ್ತಿದ್ದರು. ಚಕ್ರ ದಂಡದ ಮೇಲೆ ಇನ್ನು ನಾಲ್ಕು ಸಲ ಹಾದರೆ ಸಾಕು ಎಂದು ಅರ್ಥ. ಅಳತೆಯ ಯಂತ್ರದಲ್ಲಿಟ್ಟು ನೋಡಿದರೂ ನಾಲ್ಕೇ. ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಮೂರೂ ಆಗಿರಲಿಲ್ಲ, ಐದೂ ಆಗಿರಲಿಲ್ಲ. ಮನುಷ್ಯ ಮಾತಿನಲ್ಲಿ ಮಹಾ ಜಿಪುಣ. ದಿನಕ್ಕೆ ಅವರ ಬಾಯಿಂದ ಉದುರುತ್ತಿದ್ದದ್ದು ಹೆಚ್ಚಾಗಿ ಈ ಅಂಕಿಗಳೇ.

ಕಾರ್ಖಾನೆ ಹೊಸ ಸಾಣೆಯಂತ್ರ ಮಾಡಿತು. ನಕ್ಷೆಗಾರ ಅದರ ಚಿತ್ರ ಬರೆಯಲು ಕುಳಿತ ದಿನ ಮಾವ ಅದರ ಮುಂದೆ ನಿಂತು ದಂಡವನ್ನು ಸವರುತ್ತಿದ್ದರು. ಹದಿಮೂರನೆಯ ನಂಬರು ದಂಡ ಹಿಡಿಯುವ ದವಡೆಗೆ, ಹದಿನೈದನೆಯದು ನೀರಿನ ಕೊಳವೆಗೆ, ನಡುವೆ ಇದ್ದದ್ದು ಹೆಬ್ಬೆರಳು. ಅವನು ಗೆರೆ ಎಳೆದ. ಹೋಗಲಿ, ಅಷ್ಟಕ್ಕೇ ಬಿಟ್ಟನೇ? ವಿವರಣೆಯ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ, "ಹದಿನಾಲ್ಕನೆಯ ಭಾಗವು ದಂಡವನ್ನು ಮುಟ್ಟಿ, ಇನ್ನೆಷ್ಟು ಸುತ್ತು ಬೇಕೆಂದು ತಪ್ಪಿಲ್ಲದೆ ಹೇಳುತ್ತದೆ" ಎಂದೂ ಬರೆದ. ಮಾಲೀಕ ಓದದೆ ರುಜು ಹಾಕಿದ. ಕಚೇರಿ ಓದಿ ಮೊಹರು ಒತ್ತಿತು.

ಯಂತ್ರಗಳು ಮಾರಾಟವಾಗುವ ಹೊತ್ತಿಗೆ ಮಾವನ ನಿವೃತ್ತಿ ಹತ್ತಿರ ಬಂತು. ಅತ್ತೆಯ ಅಕ್ಕ ಕೆರೆಯ ದಂಡೆಯ ಊರೊಂದರಲ್ಲಿದ್ದರು; ಅವರ ಮನೆಯ ಮಹಡಿಯ ಎರಡು ಕೋಣೆಗೆ ಗಂಡ ಹೆಂಡತಿ ಹೋಗಿ ಇರುವುದೆಂದು ಎಷ್ಟೋ ವರ್ಷದಿಂದ ನಿಶ್ಚಯವಾಗಿತ್ತು. ಅತ್ತೆ ಪರದೆ ಹೊಲಿದು ಇಟ್ಟಿದ್ದರು. ಆಗ ಮಾಲೀಕ ಮಾವನನ್ನು ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು, ಬಹಳ ವಿನಯದಿಂದ ಮಾತಾಡಿದ.

"ನೀವು ಧಾರಾಳವಾಗಿ ಹೋಗಿ. ಆದ್ರೆ ಹದಿನಾಲ್ಕು ಇಲ್ಲೇ ಇರಬೇಕಾಗುತ್ತೆ."

"ಅದು ನನ್ನ ಕೈಯಲ್ಲಿದೆಯಲ್ಲ," ಎಂದರು ಮಾವ.

"ಅದೇ ತೊಂದರೆ. ಹದಿನೆಂಟು ಯಂತ್ರ ಮಾರಿದ್ದೀವಿ. ಹದಿನೆಂಟು ಗಿರಾಕಿಗಳಿಗೂ ಹದಿನಾಲ್ಕರ ಮೇಲೆ ಹಕ್ಕಿದೆ. ನೀವು ಹೇಗೆ ಹೋಗ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು."

ಅಂದಿನಿಂದ ಹೆಬ್ಬೆರಳಿಗೆ ರಾಜಮರ್ಯಾದೆ ಶುರುವಾಯಿತು. ಅದಕ್ಕೊಂದು ಚರ್ಮದ ಟೋಪಿ, ಟೋಪಿಯ ಮೇಲೆ ಹದಿನಾಲ್ಕು ಎಂದು ಕೆತ್ತಿದ ಹಿತ್ತಾಳೆ ಬಿಲ್ಲೆ. ಪಾತ್ರೆ ತೊಳೆಯಬಾರದು, ಬಿಸಿ ಲೋಟ ಹಿಡಿಯಬಾರದು, ಸೋಮವಾರ ಸೋಮವಾರ ಎಣ್ಣೆ. ಸಂಜೆ ಮನೆಗೆ ಹೊರಡುವಾಗ ಉಗ್ರಾಣದವನು "ಹೆಬ್ಬೆರಳು, ಒಂದು, ಸುಸ್ಥಿತಿ" ಎಂದು ಚೀಟಿ ಹರಿದು ಕೊಡುತ್ತಿದ್ದ. ಬೆಳಿಗ್ಗೆ ಚೀಟಿ ತೋರಿಸಿ ಒಳಗೆ ಹೋಗಬೇಕು. ಒಂದು ದಿನ ಮಾವ ಚೀಟಿ ಮನೆಯಲ್ಲೇ ಮರೆತು ಬಂದರು. ಉಗ್ರಾಣದವನು ಅವರ ಕೈಯನ್ನೇ ನೋಡುತ್ತ, ಹೆಬ್ಬೆರಳು ಕಳೆದುಹೋಗಿದೆ ಎಂದು ಬರೆದುಕೊಂಡ.

ಮನೆಯಲ್ಲಿ ನಕ್ಷೆಗಾರನ ಪಾಡು ಹೇಳತೀರದು. ಹೆಂಡತಿ ಮಾತು ಬಿಟ್ಟಳು. ಅವನು ನಿದ್ದೆಯಿಂದ ಏಳುವಾಗ ಹಣೆಗೆ ಒಂದು ಚೀಟಿ ಅಂಟಿರುತ್ತಿತ್ತು: "ಭಾಗ ಒಂದು. ಬೆಪ್ಪುತಕ್ಕಡಿ." ಅತ್ತೆ ಬೈಯಲಿಲ್ಲ. ಹೊಲಿದ ಪರದೆಗಳನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದರು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿರುತ್ತಿತ್ತು.

ನಾಚಿಕೆಯಿಂದ ಕುಗ್ಗಿಹೋದ ನಕ್ಷೆಗಾರ ಪೇಟೆಂಟ್ ಕಚೇರಿಯ ನಿಯಮದ ಪುಸ್ತಕ ತಂದು ಮೊದಲ ಪುಟದಿಂದ ಓದಿದ. ಇನ್ನೂರ ಹನ್ನೊಂದನೆಯ ಪುಟದಲ್ಲಿ ದಾರಿ ಸಿಕ್ಕಿತು. ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ, ಕಾರ್ಖಾನೆಯ ಹೊರಗೆ, ನಾಲ್ಕು ಜನರ ಎದುರಿಗೆ ಆ ಭಾಗ ಅದೇ ಕೆಲಸ ಮಾಡಿತ್ತೆಂದು ತೋರಿಸಿದರೆ, ಅದು ಹೊಸದಲ್ಲ; ಹಕ್ಕು ರದ್ದು. ಅವನು ಕುಣಿದಾಡಿದ. ಮಾವ ಹೆಬ್ಬೆರಳಾಡಿಸದ ಮನೆ ಬಂಧುಬಳಗದಲ್ಲಿ ಒಂದಾದರೂ ಇತ್ತೇ? ಹೋದಲ್ಲೆಲ್ಲ ಮೇಜು, ಬಾಗಿಲು, ತಟ್ಟೆ, ಯಾವುದನ್ನೂ ಬಿಡದೆ ಒಮ್ಮೆ ಸವರಿ, "ಒರಟು" ಎಂದು ಹೇಳಿ ಕೂರುವುದು ಅವರ ಪದ್ಧತಿ. ಈ ಒಂದು ಮಾತಿನಿಂದ ಅರ್ಧ ನೆಂಟರು ಅವರನ್ನು ಕರೆಯುವುದನ್ನೇ ನಿಲ್ಲಿಸಿದ್ದರು. ಈಗ ನಕ್ಷೆಗಾರ ಸಾಕ್ಷಿ ಹೇಳಲು ಕರೆದದ್ದೇ ತಡ, ಮೂವತ್ತು ವರ್ಷದ ಕಹಿಯನ್ನು ಹೊತ್ತುಕೊಂಡು ಎಲ್ಲರೂ ತುದಿಗಾಲಲ್ಲಿ ಬಂದರು.

ಹಕ್ಕು ರದ್ದು ಮಾಡಿ ಎಂದು ನಕ್ಷೆಗಾರ ಹಾಕಿದ ಅರ್ಜಿಯ ವಿಚಾರಣೆ ನಡೆದದ್ದು ಪೇಟೆಂಟ್ ಕಚೇರಿಯಲ್ಲಿ, ಉದ್ದನೆಯ ಮೇಜು ಮತ್ತು ಮುಚ್ಚಲಾಗದ ಕಿಟಕಿಯಿದ್ದ ಕೋಣೆಯಲ್ಲಿ. ಮೇಜಿನ ಆಚೆ ನೆಗಡಿ ಹಿಡಿದಿದ್ದ ಒಬ್ಬ ಅಧಿಕಾರಿಣಿ. ಒಂದು ಪಕ್ಕ ಮಾಲೀಕ, ಇನ್ನೊಂದು ಪಕ್ಕ ಮಾವ, ಅತ್ತೆ, ನಕ್ಷೆಗಾರ, ಹಿಂದೆ ನೆಂಟರ ದಂಡು.

"ನಮ್ಮ ಹೊಸ ಊಟದ ಮೇಜು ಸವರಿ ಒರಟು ಅಂದ್ರು ಮೇಡಂ," ಎಂದರು ಚಿಕ್ಕಮ್ಮ. "ಎಲ್ಲರ ಮುಂದೆ! ನಾನು ಆವತ್ತು ತುತ್ತು ಎತ್ತಲಿಲ್ಲ."

"ನನ್ನ ತಲೆ," ಎಂದರು ಬೋಳುತಲೆಯ ಷಡ್ಡಕ. "ತಲೆ ಸವರಿ ಒರಟು ಅಂದ್ರು. ಅಲ್ಲಿ ಒರಟಾಗೋಕೆ ಏನಿದೆ, ನೀವೇ ನೋಡಿ."

ಅಧಿಕಾರಿಣಿ ಎದ್ದು ಬಂದು ನೋಡಿದಳು, ಬರೆದುಕೊಂಡಳು. ಹನ್ನೊಂದು ಸಾಕ್ಷಿಗಳಾದ ಮೇಲೆ ಪೆನ್ಸಿಲು ಕೆಳಗಿಟ್ಟಳು.

"ಇವರೆಲ್ಲರಿಗೂ ಹೇಳಿದ್ದು ಒರಟು ಅಂತ ಮಾತ್ರ. ಒರಟು ಅಂತ ಯಾರ ಹೆಬ್ಬೆರಳಾದ್ರೂ ಹೇಳುತ್ತೆ. ಹದಿನಾಲ್ಕನೇ ಭಾಗ ಎಷ್ಟು ಸುತ್ತು ಬೇಕು ಅಂತ ಹೇಳಬೇಕು. ಕಾರ್ಖಾನೆ ಹೊರಗೆ ಯಾರಿಗಾದ್ರೂ ಅಂಕಿ ಹೇಳಿದ್ದಾರಾ?"

ನೆಂಟರು ಮುಖ ಮುಖ ನೋಡಿಕೊಂಡರು. ಮಾಲೀಕ ಆಗಲೇ ಕಾಗದ ಮಡಿಸುತ್ತಿದ್ದ.

"ನಂಗೆ ಹೇಳಿದ್ದಾರೆ," ಎಂದರು ಅತ್ತೆ.

ಅವರು ಎದ್ದು ನಿಲ್ಲಲಿಲ್ಲ. ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತ ಹೇಳಿದರು. "ಮದುವೆಯಾಗಿ ಎರಡು ದಿನ ಆಗಿತ್ತು. ರಸ್ತೆ ದಾಟೋವಾಗ ಕೈ ಹಿಡ್ಕೊಂಡ್ರು. ಮೊದಲ್ನೇ ಸಲ ಹಿಡಿದಿದ್ದು. ನಾನು ಹನ್ನೆರಡನೇ ವಯಸ್ಸಿಂದ ಹಗ್ಗ ಹೊಸೆಯೋ ಕೆಲಸ ಮಾಡ್ದೋಳು, ಅಂಗೈ ಹೇಗಿರುತ್ತೆ? ನಡುರಸ್ತೇಲಿ ಹೆಬ್ಬೆರಳಲ್ಲಿ ಸವರಿ, 'ಇನ್ನು ಎರಡು ಸುತ್ತು' ಅಂದ್ರು. ಪಕ್ಕದಲ್ಲಿ ದಾಟ್ತಿದ್ದೋರು ನಕ್ರು. ಆಮೇಲೆ ಮೂವತ್ತನಾಲ್ಕು ವರ್ಷ ನಾನು ಇವರಿಗೆ ಕೈ ಕೊಟ್ಟಿಲ್ಲ."

ನಕ್ಷೆಗಾರ ಅತ್ತೆಯನ್ನು ಹನ್ನೊಂದು ವರ್ಷದಿಂದ ನೋಡುತ್ತ ಬಂದಿದ್ದ. ಅವರು ನಡೆಯುವಾಗ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದು ಚಳಿಗೆಂದು ಎಣಿಸಿದ್ದ. ಕಂಡದ್ದನ್ನೆಲ್ಲ ಬರೆಯುವವನಿಗೆ ಇದೊಂದು ಕಂಡಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಧಿಕಾರಿಣಿ ಮೂಗು ಒರೆಸಿಕೊಂಡು ಮಾವನ ಕಡೆ ತಿರುಗಿದಳು. "ಹಾಗೆ ಹೇಳಿದ್ದು ನಿಜಾನಾ?"

"ನಿಜ."

"ಇನ್ನೊಂದೇ ಪ್ರಶ್ನೆ. ಹೇಳಿದ್ದು ಸರಿಯಾಗಿತ್ತಾ, ತಪ್ಪಾಗಿತ್ತಾ? ಸರಿಯಾಗಿದ್ದರೆ ಭಾಗ ಆಗಲೇ ಕೆಲಸ ಮಾಡ್ತಿತ್ತು ಅಂತ ಬರ್ಕೊಳ್ತೀನಿ, ಬೆರಳು ನಿಮ್ದು. ತಪ್ಪಾಗಿದ್ದರೆ ಇಲ್ಲ."

ಸರಿ ಎಂದು ಒಂದು ಮಾತು ಹೇಳಿದರೆ ಮಾವ ತಿಂಗಳ ಕೊನೆಗೆ ಕೆರೆಯ ದಂಡೆಯಲ್ಲಿರುತ್ತಾರೆ. ಆದರೆ ಅತ್ತೆಯ ಅಂಗೈ ಒರಟೆಂದು, ಅದೂ ಲೆಕ್ಕ ಸಮೇತ, ಸರ್ಕಾರಿ ಕಡತದಲ್ಲಿ ಉಳಿಯುತ್ತದೆ. ತಪ್ಪು ಎಂದರೆ ಹೆಬ್ಬೆರಳು ಚೀಟಿಯ ಮೇಲೆ ಸಂಜೆ ಮನೆಗೆ ಬಂದು ಬೆಳಿಗ್ಗೆ ವಾಪಸ್ ಹೋಗುತ್ತಲೇ ಇರುತ್ತದೆ. ಅಲ್ಲದೆ, ತಪ್ಪು ಎಂಬ ಮಾತನ್ನು ತಮ್ಮ ಹೆಬ್ಬೆರಳಿಗೆ ಅವರು ಈ ಜನ್ಮದಲ್ಲಿ ಅಂದವರಲ್ಲ. ಸರಿ ಅನ್ನಿ ಮಾವ, ಸರಿ ಅನ್ನಿ, ಎಂದು ನಕ್ಷೆಗಾರ ಮನಸ್ಸಿನಲ್ಲೇ ಬೇಡಿಕೊಂಡ.

ಮಾವ ಹೆಂಡತಿಯನ್ನು ನೋಡಿದರು. ಅತ್ತೆ ಕಿಟಕಿಯನ್ನು ನೋಡುತ್ತಿದ್ದರು.

"ತಪ್ಪಾಗಿತ್ತು," ಎಂದರು ಮಾವ.

ಅಧಿಕಾರಿಣಿ ಬರೆದುಕೊಂಡು, "ಅರ್ಜಿ ವಜಾ," ಎಂದಳು. ಮಾಲೀಕ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ.

"ಕೂತ್ಕೊಳ್ಳಿ," ಎಂದಳು ಅಧಿಕಾರಿಣಿ. "ನಿಮ್ಮ ವಿವರಣೇಲಿ 'ತಪ್ಪಿಲ್ಲದೆ' ಅಂತ ಇದೆ. ಈಗ ಹದಿನಾಲ್ಕನೇ ಭಾಗ ತಪ್ಪು ಮಾಡುತ್ತೆ ಅಂತ ದಾಖಲಾಯ್ತು. ದೋಷ ಇರೋ ಭಾಗ ಇದೆ ಅಂತ ಹದಿನೆಂಟು ಗಿರಾಕಿಗಳಿಗೂ ನೀವೇ ಪತ್ರ ಬರೀಬೇಕು. ಇಲ್ಲಾ ಭಾಗಾನ ತೆಗೆದುಹಾಕಬೇಕು."

ಮಾಲೀಕನ ಮುಖ ಸುಣ್ಣವಾಯಿತು. "ಈಗಲೇ ತೆಗೀರಿ."

"ಚಿತ್ರದಿಂದಲಾ?"

"ಎಲ್ಲಾ ಕಡೆಯಿಂದ! ಆ ಬೆರಳು ನಮ್ಮದಲ್ಲ. ನಾವು ಅದನ್ನ ನೋಡೇ ಇಲ್ಲ!"

ಅಧಿಕಾರಿಣಿ ರಬ್ಬರು ತೆಗೆದು, ನಕ್ಷೆಗಾರನ ಕೈಗೇ ಕೊಟ್ಟು, ಅಳಿಸೆಂದಳು. ಅವನು ಬೆರಳು, ಗೆರೆ, ನಂಬರು ಮೂರನ್ನೂ ಅಳಿಸಿದ. ಬಾಗಿಲಲ್ಲಿ ಕಾದಿದ್ದ ಉಗ್ರಾಣದವನು ಹೆಬ್ಬೆರಳಿನ ಟೋಪಿ ಬಿಚ್ಚಿಕೊಂಡು, ಕೊನೆಯ ಚೀಟಿ ಹರಿದುಕೊಟ್ಟ: "ಹೆಬ್ಬೆರಳು, ಒಂದು, ತಿರಸ್ಕೃತ." ನಲವತ್ತೊಂದು ವರ್ಷದ ಹೆಸರು ಆ ಚೀಟಿಯೊಂದಿಗೆ ಮಣ್ಣುಪಾಲಾಯಿತು. ನೆಂಟರಿಗಂತೂ ಹಬ್ಬ. ಚಿಕ್ಕಮ್ಮ ಮೇಜಿನ ಮರ್ಯಾದೆ ಉಳಿಯಿತೆಂದರು. "ನನ್ನ ತಲೆ ವಿಷಯದಲ್ಲೂ ತಪ್ಪೇ ಆಗಿರಬೇಕು," ಎಂದು ಷಡ್ಡಕ ಮೆಟ್ಟಿಲಿಳಿಯುವಾಗ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಮಾವ ತಲೆ ತಗ್ಗಿಸಿ ನಡೆದರು.

ಹೊರಗೆ ಅಗಲವಾದ ರಸ್ತೆ. ಬಸ್ಸಿಗೆ ಆಚೆ ಬದಿಗೆ ದಾಟಬೇಕು. ಮಾವ, ಅತ್ತೆ ಮುಂದೆ; ನಕ್ಷೆಗಾರ ಎರಡು ಹೆಜ್ಜೆ ಹಿಂದೆ. ಅರ್ಧ ದಾಟುವಷ್ಟರಲ್ಲಿ ಅತ್ತೆ ಕೇಳಿದರು.

"ನಿಜವಾಗ್ಲೂ ತಪ್ಪಾಗಿತ್ತಾ? ಇಲ್ಲಾ ನನ್ನ ಮುಖ ಉಳಿಸೋಕೆ ಹೇಳಿದ್ರಾ?"

"ತಪ್ಪಾಗಿತ್ತು."

"ಹಾಗಿದ್ರೆ ಎಷ್ಟು ಬೇಕಿತ್ತು?"

"ಮೂರು," ಎಂದರು ಮಾವ. "ಒಂದು ಕಮ್ಮಿ ಹೇಳಿದ್ದೆ."

"ಯಾಕೆ?"

"ಹೊಸದಾಗಿ ಮದುವೆ ಆಗಿತ್ತಲ್ಲ."

ಅತ್ತೆ ನಡುರಸ್ತೆಯಲ್ಲೇ ನಿಂತುಬಿಟ್ಟರು. ಎರಡೂ ಕಡೆಯಿಂದ ವಾಹನಗಳು ಹಾರ್ನ್ ಬಾರಿಸತೊಡಗಿದವು. ಒಬ್ಬ ಲಾರಿಯವನು ಕಿಟಕಿಯಿಂದ ತಲೆ ಹಾಕಿ ಬೈದ. ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ ನಕ್ಷೆಗಾರನಿಗೆ ತಿಳಿಯಲಿಲ್ಲ; ಭುಜಗಳು ಮಾತ್ರ ಕುಲುಕುತ್ತಿದ್ದವು. ಆಮೇಲೆ ಕಂಕುಳಿಂದ ಬಲಗೈ ತೆಗೆದು ಗಂಡನ ತೋಳಿಗೆ ಪಟಾರನೆ ಒಂದು ಏಟು ಕೊಟ್ಟರು. ಕೊಟ್ಟ ಕೈಯನ್ನು ವಾಪಸ್ ಒಯ್ಯಲಿಲ್ಲ.

ಮಾವ ಅದನ್ನು ಹಿಡಿದುಕೊಂಡರು. ನಕ್ಷೆಗಾರ ಲಾರಿಗೆ ಅಡ್ಡ ನಿಂತು, ಎರಡೂ ಕೈ ಚಾಚಿ, ಅವರಿಬ್ಬರೂ ದಾಟುವ ತನಕ ಬೈಸಿಕೊಂಡ.