ಸಮಪಾಲಿನ ಶಾಖ

ಎಂಜಿನ್ನಿನ ಬಿಸಿ ಮೊಣಕೈಗೆ ತಾಗುತ್ತಿದೆ, ಇಲ್ಲ, ದೋಣಿ ಇನ್ನೂ ಕಟ್ಟೆ ಮುಟ್ಟಿಲ್ಲ, ಇದು ಮುಂದೆ ನಿಂತವಳು ತೋಳಲ್ಲಿ ಅವಚಿಕೊಂಡ ಬ್ರೆಡ್ಡಿನದು, ಈಗಷ್ಟೇ ಒಲೆಯಿಂದ ತೆಗೆದದ್ದಿರಬೇಕು — ಸಾಲಿನಲ್ಲಿ ಕೊನೆಯವರು ಯಾರು, ಎಂದು ಹಿಂದಿನಿಂದ ಒಬ್ಬ ಕೇಳುತ್ತಾನೆ, ನಾನೇ, ಎನ್ನುತ್ತೇನೆ, ರೆಗ್ಲಾಕ್ಕೆ ತಾನೇ, ಹೌದು, ರೆಗ್ಲಾಕ್ಕೆ, ಬಾಯಲ್ಲಿ ಬಂದೇಬಿಟ್ಟಿತು, ನೀಲಿ ಚೀಲದಲ್ಲಿ ಮೂರು ಉಡುಪು, ಚಪ್ಪಲಿ, ಕಾಫಿ ಸೋಸುವ ಬಟ್ಟೆ, ಶನಿವಾರಕ್ಕಾದರೆ ಇಷ್ಟು ಬೇಡ, ಇವತ್ತು ಶನಿವಾರವೂ ಅಲ್ಲ, ಬುಧವಾರ, ಶನಿವಾರ ಬಂದರು ದಾಟಿ ಆಚೆ ದಡದ ರೆಗ್ಲಾದಲ್ಲಿ ರೈನಿಯೆರ್ ಮನೆಗೆ ಹೋಗುವುದು, ಭಾನುವಾರ ಹವಾನಾಕ್ಕೆ ಮರಳುವುದು, ಎಷ್ಟೋ ವರ್ಷದಿಂದ ಹೀಗೇ, ವಿಶ್ವವಿದ್ಯಾಲಯದಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ, ಇಬ್ಬರ ಮುಂದೆಯೂ ಅದೇ ಸಿಲಿಕಾನ್ ಪದರ, ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳು, ಅದರಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದಕ್ಕೆ ಅವನದು ಹಳೆಯ ಭೌತಶಾಸ್ತ್ರ, ನನ್ನದು ಕ್ವಾಂಟಂ, ಪರಮಾಣುಗಳ ಒಂದೊಂದು ಕಂಪನಕ್ಕೂ ಅವನು ಸಮಪಾಲು ಶಾಖ ಹಂಚುತ್ತಾನೆ, ನಾನು ನಗುತ್ತಿದ್ದೆ, ನಿಸರ್ಗ ಏನು ರೇಷನ್ ಅಂಗಡೀನಾ, ಎಲ್ಲರಿಗೂ ಅಷ್ಟಷ್ಟು ಅಳೆದು ಕೊಡೋಕೆ, ವೇಗವಾಗಿ ಕಂಪಿಸೋದಕ್ಕೆ ಒಟ್ಟಿಗೇ ದೊಡ್ಡ ಪಾಲು ಬೇಕು ಕಣೋ, ಅದರ ಅರ್ಧ ಕೊಟ್ರೆ ಮುಟ್ಟೋದೂ ಇಲ್ಲ, ಮರಗಟ್ಟಿ ಕೂತಿರತ್ತೆ — ಎಂಥ ಕಲ್ಲೆದೆ ನಿಸರ್ಗಾನಪ್ಪ ನಿಂದು, ಡಾಕ್ಟರಮ್ಮ, ಎನ್ನುತ್ತಿದ್ದ ಅವನು, ಬೆಚ್ಚಗಿರುವಾಗ ಇಬ್ಬರ ಉತ್ತರವೂ ಹೆಚ್ಚುಕಡಿಮೆ ಕೂಡುತ್ತಿತ್ತು, ತಣ್ಣಗಾಗುತ್ತಾ ಹೋದಂತೆ ಅವನದು ತಪ್ಪುತ್ತಿತ್ತು, ಅಳತೆಯಲ್ಲಿ ಸಿಗದ ಶಾಖವೂ ಅವನ ಲೆಕ್ಕದಲ್ಲಿ ಉಳಿದಿರುತ್ತಿತ್ತು, ನನ್ನ ವಿಷಯದಲ್ಲೂ ಹಾಗೇ ಲೆಕ್ಕ ಹಾಕಿಕೊಂಡಿದ್ದ, ಕಳೆದ ಶನಿವಾರದವರೆಗೆ, ಟೊಮೆಟೊ ಹೆಚ್ಚುತ್ತಿದ್ದ, ಚಾಕು ನಿಲ್ಲಿಸಲಿಲ್ಲ, ನಿನ್ನ ಲೆಕ್ಕಾನೇ ಸರಿ ಒಡಾಲಿಸ್, ಅರ್ಧ ಕೊಟ್ರೆ ಕೊಟ್ಟ ಹಾಗಲ್ಲ, ಬುಧವಾರ ಸಂಜೆ ಇಲ್ಲಿ ದೋಣಿಕಟ್ಟೆ ಹತ್ರ ನಿಂತಿರ್ತೀನಿ, ಇರೋದಕ್ಕೇ ಬರೋದಾದ್ರೆ ಬಾ, ಇಲ್ಲಾಂದ್ರೆ ಶನಿವಾರಾನೂ ಬೇಡ.

ಅವನ ಕತ್ತಿನ ಹಿಂದಿನ ಬಿಸಿ, ಪಕ್ಕದಲ್ಲಿ ಮಲಗಿದರೆ ಮುಟ್ಟುವ ಮೊದಲೇ ತುಟಿಗೆ ತಿಳಿಯುತ್ತದೆ, ಸೋಮವಾರದಿಂದ ಶುಕ್ರವಾರದವರೆಗೆ ಈಚೆ ದಡದಲ್ಲಿ ದಿಂಬು ಮಗುಚಿ ಮಗುಚಿ ಅದನ್ನೇ ಹುಡುಕುತ್ತೇನೆ, ಮತ್ತೆ ಹೋಗು, ಹೋಗುವುದಕ್ಕೇನು, ಬಾಲ್ಕನಿಯಲ್ಲಿ ಗಂಡನ ತೂಗುಕುರ್ಚಿ, ಅವನು ತೀರಿಕೊಂಡ ಮೇಲೂ ನಾನು ಅವನ ತಾಯಿಯ ಮನೆಯಲ್ಲೇ, ಇವತ್ತು ಚೀಲ ನೋಡಿ ಅತ್ತೆ ಎನೈದಾ ಬಾಗಿಲಿಗೆ ಒರಗಿ, ಹೋಗೋದಾದ್ರೆ ಹೋಗೇ ತಾಯಿ, ನನ್ನ ನೆಪ ಹೇಳ್ಬೇಡ, ನಿನ್ನ ಕಾಫಿ ಕುಡಿದು ನನ್ನ ನಾಲಗೆ ಸತ್ತುಹೋಗಿದೆ, ಎಂದಳು, ಹಾಗಂದು ಬಾಲ್ಕನಿಗೆ ಹೋಗಿ ಆ ಕುರ್ಚಿಯನ್ನೇ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು — ಸಾಲು ಜರುಗುತ್ತದೆ, ದೋಣಿ ಬಂದಿದೆ, ಬ್ರೆಡ್ಡಿನವಳು ಒಳಗೆ ಹಾರಿ ಕೈ ಚಾಚುತ್ತಾಳೆ, ಮೊದ್ಲು ಚೀಲ ಕೊಡು ಚಿನ್ನ, ಆಮೇಲೆ ಕಾಲಿಡು, ಕೊಡುತ್ತೇನೆ, ಕೈ ಹಗುರ, ಇನ್ನು ಕಾಲು, ಎಣ್ಣೆ ತೇಲುವ ನೀರು ಗೇಣಗಲ, ಕುರ್ಚಿ ಒರೆಸುವ ಆ ಕೈ, ಬರ್ತೀರೋ ಇಲ್ವೋ ಅಮ್ಮಾ, ಎನ್ನುತ್ತಾನೆ ಹಗ್ಗದವನು, ಬರ್ತೀನಿ, ಎನ್ನುತ್ತೇನೆ, ಬರ್ತೀನಿ, ನೀರು ಮೊಳದಗಲ, ಹಗ್ಗ ಬಿಚ್ಚಿದೆ, ಮಾರಗಲ, ಬ್ರೆಡ್ಡಿನವಳು ಏನೋ ಕೂಗುತ್ತಿದ್ದಾಳೆ, ಮಡಿಲಲ್ಲಿ ನನ್ನ ಚೀಲ, ಆಚೆ ದಡದಲ್ಲಿ ಇಳಿಯುವ ಒಂದೊಂದು ಮುಖವನ್ನೂ ರೈನಿಯೆರ್ ನೋಡುತ್ತಾನೆ, ಎಲ್ಲ ಮುಖಗಳೂ ಮುಗಿದ ಮೇಲೆ ಚೀಲ ನೋಡುತ್ತಾನೆ, ಗುರುತು ಹಿಡಿಯುತ್ತಾನೆ, ಇದನ್ನು ಅವನೇ ಕೊಡಿಸಿದ್ದು, ನೀರಿನ ಮೇಲೆ ನೀಲಿ ಚೀಲ, ನಾನಿಲ್ಲದೆ, ನೀಲಿ ಚೀಲ